ಕಲ್ಚರ್ ರಿಪೋರ್ಟಿನ ತುಂಬ ‘ಆರ್’ ಇದ್ದರೆ ಬ್ಯಾಕ್ಟೀರಿಯಾ ಅಷ್ಟೊಂದು ಉಗ್ರವೇ?

ಪ್ರಶ್ನೆ: ನಮ್ಮ ಅತ್ತೆಗೆ 62 ವರ್ಷ, ಶುಗರ್ ಇದೆ. ಈ ವರ್ಷ ಇದು ಮೂರನೇ ಸಲ ಉರಿಮೂತ್ರ. ಜ್ವರ ಇಲ್ಲ, ಆದರೆ ಗಳಿಗೆಗೊಮ್ಮೆ ಮೂತ್ರಕ್ಕೆ ಹೋಗಬೇಕು, ಹೋದಾಗ ಉರಿ. ಮೊದಲ ಎರಡು ಸಲ ಮೆಡಿಕಲ್ ಶಾಪಿನಲ್ಲೇ ಕೇಳಿ ಸೆಫಿಕ್ಸಿಮ್, ಸಿಪ್ರೊಫ್ಲಾಕ್ಸಸಿನ್ ತಂದು ಕೊಟ್ಟಿದ್ದೆವು. ಈ ಸಲ ಕಲ್ಚರ್ ಮಾಡಿಸಿದೆವು. ‘ಇ. ಕೋಲಿ, ಮಿ.ಲೀ.ಗೆ ಒಂದು ಲಕ್ಷಕ್ಕಿಂತ ಹೆಚ್ಚು, ಇಎಸ್‌ಬಿಎಲ್ ಪಾಸಿಟಿವ್’ ಎಂದು ಬಂದಿದೆ. ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಸಿಪ್ರೊ, ಕೋಟ್ರೈಮಾಕ್ಸಜೋಲ್ ಎಲ್ಲದರ ಮುಂದೆ ‘ಆರ್’. ನೈಟ್ರೊಫ್ಯುರಾಂಟೊಯಿನ್, ಫಾಸ್ಫೊಮೈಸಿನ್, ಅಮಿಕಾಸಿನ್, ಮೆರೊಪೆನೆಮ್ ಮುಂದೆ ‘ಎಸ್’. ಇದು ಸೂಪರ್‌ಬಗ್, ಅಡ್ಮಿಟ್ ಮಾಡಿ ಮೆರೊಪೆನೆಮ್ ಹಾಕಿಸಿ ಎಂದು ನೆಂಟರು ಹೆದರಿಸುತ್ತಿದ್ದಾರೆ. ಇದು ನಿಜಕ್ಕೂ ಅಷ್ಟು ಅಪಾಯದ ಬ್ಯಾಕ್ಟೀರಿಯಾವೇ? ಪದೇಪದೇ ಯಾಕೆ ಬರುತ್ತಿದೆ?

ಉತ್ತರ: ಕಲ್ಚರ್ ಎಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು. ಔಷಧಗಳ ಬಗ್ಗೆ ನಿಮ್ಮ ಕೈಯಲ್ಲಿರುವ ರಿಪೋರ್ಟ್ ಹೇಳುವುದು ಒಂದೇ ಸಂಗತಿ: ಲ್ಯಾಬಿನಲ್ಲಿ ಯಾವ ಔಷಧ ಈ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಿತು (‘ಎಸ್’), ಯಾವುದು ತಡೆಯಲಿಲ್ಲ (‘ಆರ್’). ಅದು ಮೂತ್ರಕೋಶದ ಗೋಡೆಗೆ ಎಷ್ಟು ಗಟ್ಟಿಯಾಗಿ ಅಂಟುತ್ತದೆ, ಕಿಡ್ನಿಗೆ ಏರುವ ತಾಕತ್ತು ಇದೆಯೇ, ರಕ್ತಕ್ಕೆ ಸೇರಬಲ್ಲದೇ ಎಂಬ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ. ಔಷಧಕ್ಕೆ ಬಗ್ಗದಿರುವುದು ಬೇರೆ, ರೋಗ ತರುವ ಶಕ್ತಿ ಬೇರೆ. ಎಲ್ಲ ಔಷಧಕ್ಕೂ ಬಗ್ಗುವ ಇ. ಕೋಲಿ ಕೆಲವೇ ದಿನಗಳಲ್ಲಿ ಕಿಡ್ನಿಗೆ ಏರಿ ಐಸಿಯು ಹತ್ತಿಸಬಲ್ಲದು. ಹತ್ತು ಔಷಧಕ್ಕೆ ಬಗ್ಗದ ಇ. ಕೋಲಿ ವಯಸ್ಸಾದವರ ಮೂತ್ರದಲ್ಲಿ ತಿಂಗಳುಗಟ್ಟಲೆ ಯಾವ ತೊಂದರೆಯನ್ನೂ ಕೊಡದೆ ಇದ್ದುಬಿಡಬಲ್ಲದು. ಸೋಂಕು ಎಷ್ಟು ಗಂಭೀರ ಎಂಬುದನ್ನು ರೋಗಿಯನ್ನು ನೋಡಿ ಹೇಳಬೇಕು. ರಿಪೋರ್ಟಿನಲ್ಲಿ ‘ಆರ್’ ಎಷ್ಟಿವೆ ಎಂದು ಎಣಿಸಿ ಅಲ್ಲ. ಜ್ವರ, ಚಳಿ, ಪಕ್ಕೆನೋವು, ವಾಂತಿ ಇಲ್ಲದಿದ್ದರೆ ಅತ್ತೆಯವರ ಸೋಂಕು ಸದ್ಯ ಮೂತ್ರಕೋಶದಲ್ಲೇ ಇದೆ ಎಂದರ್ಥ. ಅದಕ್ಕೆ ಬಾಯಲ್ಲಿ ನುಂಗುವ ಔಷಧವೇ ಸಾಕಾಗುವ ಸಂಭವ ಹೆಚ್ಚು, ಮತ್ತು ಅಂಥ ಎರಡು ಔಷಧ ನಿಮ್ಮ ರಿಪೋರ್ಟಿನಲ್ಲೇ ‘ಎಸ್’ ಇವೆ.

ಮೊದಲು ರೋಗ ತರುವ ಶಕ್ತಿಯ ವಿಚಾರ. ಮೂತ್ರದ ಸೋಂಕಿನ ಬಹುಪಾಲು ಪ್ರಕರಣಗಳಿಗೆ ಕಾರಣವಾಗುವ ಇ. ಕೋಲಿ ಬರುವುದು ನಮ್ಮ ಕರುಳಿನಿಂದಲೇ. ಹೆಂಗಸರ ಮೂತ್ರನಾಳ ಸುಮಾರು 4 ಸೆಂ.ಮೀ. ಅಷ್ಟೇ ಉದ್ದ; ಗುದದ್ವಾರದ ಸುತ್ತ ಇರುವ ಬ್ಯಾಕ್ಟೀರಿಯಾಕ್ಕೆ ಅದು ದೊಡ್ಡ ದೂರವಲ್ಲ. ಆದರೆ ಒಳಗೆ ಹೋದದ್ದೆಲ್ಲ ಅಲ್ಲಿ ನಿಲ್ಲುವುದಿಲ್ಲ, ಪ್ರತಿ ಸಲ ಮೂತ್ರ ಹೋದಾಗಲೂ ಕೊಚ್ಚಿಕೊಂಡು ಹೊರಬೀಳುತ್ತದೆ. ನಿಲ್ಲಬೇಕಾದರೆ ಅಂಟಿಕೊಳ್ಳಬೇಕು. ಅದಕ್ಕೆಂದೇ ಇ. ಕೋಲಿಯ ಮೈಮೇಲೆ ಪಿಲಿ ಎಂಬ ಸಣ್ಣ ಎಳೆಗಳಿರುತ್ತವೆ. ಟೈಪ್ 1 ಪಿಲಿ ಎಂಬ ಬಗೆಯ ಎಳೆಯ ತುದಿಯಲ್ಲಿ ಫಿಮ್‌ಎಚ್ ಎಂಬ ಪ್ರೋಟೀನ್ ಇರುತ್ತದೆ. ಮೂತ್ರಕೋಶದ ಒಳಪದರದ ಜೀವಕೋಶಗಳ ಮೇಲೆ ಮ್ಯಾನೋಸ್ ಎಂಬ ಸಕ್ಕರೆಯ ಅಣುಗಳಿವೆ. ಫಿಮ್‌ಎಚ್ ಹೋಗಿ ಕಚ್ಚುವುದು ಅವನ್ನೇ. ಉತ್ತರಾಣಿ ಬೀಜ ಸೀರೆಯಂಚಿಗೆ ಅಂಟಿದಂತೆ ಇದು, ಜಗ್ಗಿದಷ್ಟೂ ಬಿಗಿ: ಮೂತ್ರ ರಭಸದಿಂದ ಹರಿದಾಗ ಫಿಮ್‌ಎಚ್ ಹಿಡಿತ ಸಡಿಲವಾಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ಇದಕ್ಕೆ ನಮ್ಮ ದೇಹದ ಪ್ರತ್ಯುತ್ತರವೂ ಇದೆ. ಕಿಡ್ನಿ ಸ್ರವಿಸುವ ಯೂರೊಮಾಡ್ಯುಲಿನ್ ಎಂಬ ಪ್ರೋಟೀನಿನ ಮೇಲೂ ಇದೇ ಮ್ಯಾನೋಸ್ ಇರುತ್ತದೆ. ಗೋಡೆಗೆ ಅಂಟಬೇಕಿದ್ದ ಎಷ್ಟೋ ಬ್ಯಾಕ್ಟೀರಿಯಾಗಳು ಅದಕ್ಕೆ ಅಂಟಿಕೊಂಡು ಮೂತ್ರದ ಜೊತೆ ಹೊರಗೆ ಹೋಗುತ್ತವೆ.

ಅಂಟಿದ ಮೇಲೆ ಕೆಲವು ಬ್ಯಾಕ್ಟೀರಿಯಾ ಜೀವಕೋಶದ ಒಳಕ್ಕೇ ನುಗ್ಗಿ ಅಲ್ಲಿ ಗುಂಪುಗಟ್ಟಿ ಬೆಳೆಯುತ್ತವೆ. ಹಲವು ಔಷಧಗಳು ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಮಾತ್ರೆ ಮುಗಿದ ಕೆಲವು ವಾರಕ್ಕೆ ಅದೇ ತಳಿ ಮತ್ತೆ ತಲೆಯೆತ್ತುವುದಕ್ಕೆ ಇದೂ ಒಂದು ಕಾರಣ.

ಕಿಡ್ನಿಗೆ ಏರುವ ತಳಿಗಳಲ್ಲಿ ಹೆಚ್ಚಾಗಿ ಕಾಣುವುದು ಇನ್ನೊಂದು ಬಗೆಯ ಎಳೆ, ಪಿ ಪಿಲಿ. ಇದರ ತುದಿಯ ಪ್ರೋಟೀನ್ ಕಿಡ್ನಿಯ ಜೀವಕೋಶಗಳ ಮೇಲಿರುವ ಬೇರೆಯೇ ಸಕ್ಕರೆಯನ್ನು ಹಿಡಿಯುತ್ತದೆ. ಜೊತೆಗೆ ಜೀವಕೋಶದ ಪೊರೆಗೆ ತೂತು ಕೊರೆಯುವ ಹೀಮೊಲೈಸಿನ್ ಎಂಬ ವಿಷ, ಈಜಲು ಬಾಲ, ಬಿಳಿರಕ್ತಕಣಗಳಿಂದ ತಪ್ಪಿಸಿಕೊಳ್ಳಲು ಕವಚ. ಕಬ್ಬಿಣಕ್ಕಾಗಿ ನಡೆಯುವ ಜಗಳವೂ ಸಣ್ಣದಲ್ಲ. ಮೂತ್ರದಲ್ಲಿ ಬ್ಯಾಕ್ಟೀರಿಯಾಕ್ಕೆ ಸುಲಭವಾಗಿ ಸಿಗುವ ಕಬ್ಬಿಣ ತೀರಾ ಕಡಿಮೆ. ಅದನ್ನು ಹೆಕ್ಕಿ ತರಲು ಇ. ಕೋಲಿ ಎಂಟೆರೊಬ್ಯಾಕ್ಟಿನ್ ಎಂಬ ಅಣುವನ್ನು ಹೊರಬಿಡುತ್ತದೆ, ನಮ್ಮ ದೇಹ ಲಿಪೊಕ್ಯಾಲಿನ್ ಎಂಬ ಪ್ರೋಟೀನಿನಿಂದ ಆ ಅಣುವನ್ನೇ ಹಿಡಿದು ಹಾಕುತ್ತದೆ. ಪಳಗಿದ ತಳಿಗಳು ಅದೇ ಅಣುವಿಗೆ ಗ್ಲೂಕೋಸ್ ಜೋಡಿಸಿ ಲಿಪೊಕ್ಯಾಲಿನ್ನಿನ ಹಿಡಿತಕ್ಕೆ ಸಿಗದ ಸಾಲ್ಮೊಕೆಲಿನ್ ಮಾಡಿಕೊಳ್ಳುತ್ತವೆ. ಇವು ಯಾವುವನ್ನೂ ಮಾಮೂಲಿ ಕಲ್ಚರಿನಲ್ಲಿ ಪರೀಕ್ಷಿಸುವುದಿಲ್ಲ. ಅದು ಸಂಶೋಧನಾಲಯದ ಕೆಲಸ.

ಈಗ ‘ಆರ್’ಗಳ ಕಡೆ ಬರೋಣ. ಇಎಸ್‌ಬಿಎಲ್ ಒಂದು ಕಿಣ್ವ. ಪೆನಿಸಿಲಿನ್ ಮತ್ತು ಸೆಫಲೋಸ್ಪೊರಿನ್ ಗುಂಪಿನ ಔಷಧಗಳಲ್ಲಿರುವ ಬೀಟಾ ಲ್ಯಾಕ್ಟಮ್ ಉಂಗುರವನ್ನು ಅದು ಒಡೆದುಹಾಕುತ್ತದೆ. ಹಾಗಾಗಿ ಸೆಫಿಕ್ಸಿಮ್ ಸೋತ ಕಡೆ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಕೊಟ್ಟರೂ ಅದೇ ಗತಿ. ಲ್ಯಾಬಿನಲ್ಲಿ ಇದನ್ನು ಕಂಡುಹಿಡಿಯುವ ರೀತಿ ಸರಳ: ಬ್ಯಾಕ್ಟೀರಿಯಾ ಬಳಿದ ತಟ್ಟೆಯ ಮೇಲೆ ಸೆಫೊಟಾಕ್ಸಿಮ್ ಬಿಲ್ಲೆಯೊಂದು, ಸೆಫೊಟಾಕ್ಸಿಮ್ ಜೊತೆ ಕ್ಲಾವುಲನಿಕ್ ಆ್ಯಸಿಡ್ ಸೇರಿಸಿದ ಬಿಲ್ಲೆಯೊಂದು ಇಡುತ್ತಾರೆ, ಸೆಫ್ಟಾಜಿಡಿಮ್‌ಗೂ ಹಾಗೆಯೇ. ಕ್ಲಾವುಲನಿಕ್ ಆ್ಯಸಿಡ್ ಆ ಕಿಣ್ವದ ಬಾಯಿ ಕಟ್ಟುತ್ತದೆ. ಜೋಡಿ ಬಿಲ್ಲೆಯ ಸುತ್ತ ಬೆಳವಣಿಗೆ ಇಲ್ಲದ ವೃತ್ತ ಒಂಟಿ ಬಿಲ್ಲೆಯದಕ್ಕಿಂತ 5 ಮಿ.ಮೀ. ಅಥವಾ ಹೆಚ್ಚು ಅಗಲವಾದರೆ ಇಎಸ್‌ಬಿಎಲ್ ಪಾಸಿಟಿವ್.

ನಮ್ಮಲ್ಲಿ ಹೆಚ್ಚಾಗಿ ಸಿಗುವ ಇಎಸ್‌ಬಿಎಲ್ ಎಂದರೆ ಸಿಟಿಎಕ್ಸ್-ಎಂ-15. ಇದು ಮೊದಲು ವರದಿಯಾದದ್ದು 2001ರಲ್ಲಿ, ಭಾರತದಲ್ಲಿ ಸಿಕ್ಕ ಬ್ಯಾಕ್ಟೀರಿಯಾಗಳಿಂದಲೇ. ಇದರ ಜೀನ್ ಇರುವುದು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದಲ್ಲಿ. ಒಂದು ಬ್ಯಾಕ್ಟೀರಿಯಾ ಅದರ ಒಂದು ಪ್ರತಿಯನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೆ ದಾಟಿಸಬಲ್ಲದು. ಒಂದೇ ಪ್ಲಾಸ್ಮಿಡ್ಡಿನ ಮೇಲೆ ಹಲವು ಗುಂಪಿನ ಔಷಧಗಳಿಗೆ ನಿರೋಧ ಕೊಡುವ ಜೀನುಗಳು ಒಟ್ಟಿಗೆ ಕೂತಿರುವುದರಿಂದ ಅತ್ತೆಯವರು ಎಂದೂ ನುಂಗದ ಔಷಧದ ಮುಂದೆಯೂ ‘ಆರ್’ ಬರುತ್ತದೆ. ಸಿಪ್ರೊಫ್ಲಾಕ್ಸಸಿನ್ ಕಥೆ ಬೇರೆ. ಅಲ್ಲಿ ಸಾಮಾನ್ಯವಾಗಿ ಬದಲಾಗುವುದು ಆ ಔಷಧ ಗುರಿಯಿಡುವ ಗೈರೇಸ್ ಕಿಣ್ವದ ಜೀನು. ಸಿಪ್ರೊ ನುಂಗಿದಾಗಲೆಲ್ಲ ಅದು ಕರುಳಿಗೂ ಹೋಗುತ್ತದೆ; ಬಗ್ಗುವ ಇ. ಕೋಲಿ ಸತ್ತು ಬಗ್ಗದವು ಉಳಿಯುತ್ತವೆ, ಮುಂದಿನ ಸೋಂಕು ಬರುವುದು ಆ ಉಳಿದವುಗಳಿಂದ. ಮೊದಲೆರಡು ಸಲ ಕಲ್ಚರ್ ಇಲ್ಲದೆ ಕೊಟ್ಟ ಮಾತ್ರೆಗಳು ಮೂರನೇ ಸಲದ ರಿಪೋರ್ಟನ್ನು ಹೀಗೆ ಬರೆದಿರಬಹುದು. ಅಂದಹಾಗೆ, ಸೆಫಿಕ್ಸಿಮ್‌ನಂಥ ಮೂರನೇ ತಲೆಮಾರಿನ ಸೆಫಲೋಸ್ಪೊರಿನ್‌ಗಳು 2014ರಿಂದ ಶೆಡ್ಯೂಲ್ ಎಚ್1 ಎಂಬ ಸರ್ಕಾರಿ ಔಷಧ ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಮಾರುವ ಹಾಗಿಲ್ಲ, ಮಾರಿದ್ದನ್ನು ಅಂಗಡಿಯವರು ರಿಜಿಸ್ಟರಿನಲ್ಲಿ ಬರೆದಿಡಬೇಕು. ನಡೆಯುವುದೇನು ಎಂದು ಎಲ್ಲರಿಗೂ ಗೊತ್ತು.

ಹಾಗಾದರೆ ಉಗ್ರತೆ ಮತ್ತು ನಿರೋಧಕತೆ ಒಟ್ಟಿಗೇ ಇರುವುದಿಲ್ಲವೇ? ಬಹುಕಾಲ ಕಂಡುಬಂದದ್ದು ಅವು ಬೇರೆಬೇರೆ ಇರುವುದೇ ಹೆಚ್ಚು ಎಂದು. ಸಿಪ್ರೊ ಸೇರಿರುವ ಕ್ವಿನೊಲೋನ್ ಗುಂಪಿನ ಔಷಧಗಳಿಗೆ ಬಗ್ಗದ ಇ. ಕೋಲಿಗಳಲ್ಲಿ ಹೀಮೊಲೈಸಿನ್‌ನಂಥ ಅಸ್ತ್ರಗಳು ಕಡಿಮೆ. ಎಸ್‌ಟಿ73, ಎಸ್‌ಟಿ95 ಎಂಬ ವಂಶಗಳು ಕಿಡ್ನಿ ಸೋಂಕಿಗೆ ಹೆಸರುವಾಸಿ, ಆದರೂ ಬಹಳಷ್ಟು ಔಷಧಗಳಿಗೆ ಬಗ್ಗುತ್ತವೆ. ಈ ಲೆಕ್ಕ ತಪ್ಪಿಸಿದ್ದು 2008ರಲ್ಲಿ ಹಲವು ಖಂಡಗಳಲ್ಲಿ ಏಕಕಾಲಕ್ಕೆ ಗುರುತಿಸಲಾದ ಎಸ್‌ಟಿ131. ಸಿಪ್ರೊಗೆ ಬಗ್ಗುವುದಿಲ್ಲ, ಸಿಟಿಎಕ್ಸ್-ಎಂ-15 ಹೊತ್ತಿರುತ್ತದೆ, ಜೊತೆಗೆ ಅಂಟುವ ಮತ್ತು ಕಬ್ಬಿಣ ಹೆಕ್ಕುವ ಸಾಮರ್ಥ್ಯವೂ ಸಾಕಷ್ಟಿದೆ. ಭಾರತದಲ್ಲೂ ಇದು ಬಹಳ ಹರಡಿದೆ. ಅತ್ತೆಯವರದ್ದು ಅದೇ ತಳಿಯೇ ಆಗಿದ್ದರೂ ಚಿಕಿತ್ಸೆ ನಿರ್ಧಾರವಾಗುವುದು ಸೋಂಕು ಎಲ್ಲಿದೆ ಎಂಬುದರ ಮೇಲೆ. ಇಎಸ್‌ಬಿಎಲ್ ಇರುವುದರ ನಿಜವಾದ ಅಪಾಯ ಇದು: ಸೋಂಕು ಕಿಡ್ನಿಗೆ ಏರಿದಾಗ ವೈದ್ಯರು ಅಂದಾಜಿನ ಮೇಲೆ ಶುರುಮಾಡುವ ಮೊದಲ ಔಷಧ ಕೆಲಸ ಮಾಡದೆ ಒಂದೆರಡು ದಿನ ವ್ಯರ್ಥವಾಗುವುದು. ಈಗ ರಿಪೋರ್ಟ್ ಕೈಯಲ್ಲಿದೆ, ಆ ದಿನಗಳು ನಿಮಗೆ ಉಳಿದಿವೆ.

ರಿಪೋರ್ಟ್ ಓದುವಾಗ ಎಲ್ಲರೂ ಎಡವುವ ಜಾಗವೊಂದಿದೆ. ಔಷಧದ ಹೆಸರಿನ ಮುಂದೆ ಎಂಐಸಿ ಎಂಬ ಸಂಖ್ಯೆ (ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಬೇಕಾದ ಔಷಧದ ಕನಿಷ್ಠ ಪ್ರಮಾಣ) ಇದ್ದರೆ ಅದನ್ನು ಔಷಧದಿಂದ ಔಷಧಕ್ಕೆ ಹೋಲಿಸಬಾರದು. ಮೆರೊಪೆನೆಮ್ ಮುಂದೆ ≤0.25, ನೈಟ್ರೊಫ್ಯುರಾಂಟೊಯಿನ್ ಮುಂದೆ ≤16 ಎಂದಿದ್ದರೆ ಮೆರೊಪೆನೆಮ್ ಅರವತ್ತು ಪಟ್ಟು ಮೇಲು ಎಂದಲ್ಲ. ಮೊದಲನೆಯದಕ್ಕೆ ‘ಎಸ್’ ಮಿತಿ 1, ಎರಡನೆಯದಕ್ಕೆ 32. ನೈಟ್ರೊಫ್ಯುರಾಂಟೊಯಿನ್ ನುಂಗಿದ ಮೇಲೆ ಮೂತ್ರದಲ್ಲಿ ಆ ಮಿತಿಗಿಂತ ಬಹಳ ಹೆಚ್ಚಿನ ಪ್ರಮಾಣದಲ್ಲಿ ಸೇರುತ್ತದೆ. ಆದರೆ ರಕ್ತದಲ್ಲಿ, ಕಿಡ್ನಿಯ ಅಂಗಾಂಶದಲ್ಲಿ ಅದು ನಿಲ್ಲುವುದೇ ಇಲ್ಲ. ಅದಕ್ಕೇ ಅದು ಮೂತ್ರಕೋಶದ ಸೋಂಕಿಗೆ ಒಳ್ಳೆಯ ಔಷಧ, ಜ್ವರ ಬಂದ ಕಿಡ್ನಿ ಸೋಂಕಿಗೆ ಪ್ರಯೋಜನವಿಲ್ಲದ್ದು. ರಿಪೋರ್ಟಿನಲ್ಲಿ ಎರಡಕ್ಕೂ ಒಂದೇ ‘ಎಸ್’. ಹಾಗೆಯೇ ಇಎಸ್‌ಬಿಎಲ್ ಇರುವಾಗ ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್ ಮುಂದೆ ‘ಎಸ್’ ಕಂಡರೂ ತೀವ್ರ ಸೋಂಕಿಗೆ ಅದನ್ನು ನೆಚ್ಚುವುದಿಲ್ಲ. ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗದ ಬ್ಯಾಕ್ಟೀರಿಯಾ ರಕ್ತದಲ್ಲಿದ್ದವರ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಮೆರಿನೊ ಎಂಬ ಅಧ್ಯಯನದಲ್ಲಿ 30 ದಿನದೊಳಗಿನ ಸಾವು ಮೆರೊಪೆನೆಮ್ ಪಡೆದವರಲ್ಲಿ 3.7%, ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್ ಪಡೆದವರಲ್ಲಿ 12.3% ಇತ್ತು.

ನಿಮ್ಮ ವೈದ್ಯರ ಬಳಿ ಮೊದಲು ಕೇಳಬೇಕಾದದ್ದು ನೈಟ್ರೊಫ್ಯುರಾಂಟೊಯಿನ್ ಬಗ್ಗೆ. ನಿಧಾನವಾಗಿ ಬಿಡುಗಡೆಯಾಗುವ 100 ಮಿ.ಗ್ರಾಂ ಮಾತ್ರೆ ದಿನಕ್ಕೆ ಎರಡು ಸಲ, 5 ದಿನ, ಊಟದ ಜೊತೆಗೆ. ಊಟದ ಜೊತೆ ಹೀರಿಕೆ ಚೆನ್ನಾಗಿ ಆಗುತ್ತದೆ, ವಾಕರಿಕೆಯೂ ಕಡಿಮೆ. ಸಾದಾ ಮಾತ್ರೆಯಾದರೆ ದಿನಕ್ಕೆ ನಾಲ್ಕು ಸಲ ಬೇಕಾಗುತ್ತದೆ, ಆದ್ದರಿಂದ ಅಂಗಡಿಯಲ್ಲಿ ಯಾವುದು ಕೊಟ್ಟರು ಎಂದು ಮಾತ್ರೆಯ ಸ್ಟ್ರಿಪ್ ಮೇಲೆ ನೋಡಿಕೊಳ್ಳಿ. ಮೂತ್ರ ಕಡು ಹಳದಿಯೋ ಕಂದೋ ಆದರೆ ಗಾಬರಿ ಬೇಡ, ಅದು ಔಷಧದ ಬಣ್ಣ. ಶುಗರ್ ಇರುವವರಿಗೆ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತಿಳಿಸುವ ರಕ್ತಪರೀಕ್ಷೆ) ನೋಡದೆ ಇದನ್ನು ಶುರುಮಾಡಬಾರದು. ಕಿಡ್ನಿ ಸೋಸುವ ಪ್ರಮಾಣ, ಅಂದರೆ ಇಜಿಎಫ್‌ಆರ್, 45ಕ್ಕಿಂತ ಮೇಲಿದ್ದರೆ ತೊಂದರೆಯಿಲ್ಲ. 30ರಿಂದ 45ರ ನಡುವೆ ಇದ್ದರೆ ಅಲ್ಪಾವಧಿಗೆ ಕೊಡಬೇಕೋ ಬೇಡವೋ ವೈದ್ಯರ ತೀರ್ಮಾನ. 30ಕ್ಕಿಂತ ಕೆಳಗೆ ಬೇಡ, ಮೂತ್ರಕ್ಕೆ ಸಾಕಷ್ಟು ಔಷಧ ಇಳಿಯುವುದಿಲ್ಲ, ನರಗಳಿಗೆ ಹಾನಿಯಾಗುವ ಸಂಭವ ಹೆಚ್ಚುತ್ತದೆ. ಕೆಂಪು ರಕ್ತಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೂ ಕೊಡುವಂತಿಲ್ಲ.

ಇದರ ಜೊತೆ ಉರಿ ಶಮನಕ್ಕೆಂದು ಮೂತ್ರವನ್ನು ಕ್ಷಾರೀಯ ಮಾಡುವ ಸಿಟ್ರೇಟ್ ಸಿರಪ್ ಕೊಡುವ ರೂಢಿ ನಮ್ಮಲ್ಲಿದೆ. ನೈಟ್ರೊಫ್ಯುರಾಂಟೊಯಿನ್ ಚೆನ್ನಾಗಿ ಕೆಲಸ ಮಾಡುವುದು ಆಮ್ಲೀಯ ಮೂತ್ರದಲ್ಲಿ. ಸಿರಪ್ ಕುಡಿಸಿದರೆ ಔಷಧದ ಬಲ ಕುಗ್ಗುತ್ತದೆ. ಎರಡೂ ಒಂದೇ ಚೀಟಿಯಲ್ಲಿದ್ದರೆ ಸಿರಪ್ ಬಿಡಬಹುದೇ ಎಂದು ಕೇಳಿ. ಮೆಗ್ನೀಸಿಯಂ ಟ್ರೈಸಿಲಿಕೇಟ್ ಇರುವ ಆ್ಯಂಟಾಸಿಡ್ ಕೂಡ ಇದರ ಹೀರಿಕೆಗೆ ಅಡ್ಡಿ.

ಎರಡನೇ ಆಯ್ಕೆ ಫಾಸ್ಫೊಮೈಸಿನ್: 3 ಗ್ರಾಂ ಪುಡಿಯ ಒಂದೇ ಸ್ಯಾಶೆ, ಅರ್ಧ ಲೋಟ ತಣ್ಣೀರಿನಲ್ಲಿ ಕಲಸಿ, ಊಟವಾಗಿ ಎರಡು ಮೂರು ಗಂಟೆಯ ಮೇಲೆ, ಮಲಗುವ ಮುಂಚೆ ಮೂತ್ರಕ್ಕೆ ಹೋಗಿ ಬಂದು ಕುಡಿಯಬೇಕು. ರಾತ್ರಿಯಿಡೀ ಮೂತ್ರಕೋಶದಲ್ಲಿ ಔಷಧ ನಿಲ್ಲಲಿ ಎಂಬ ಲೆಕ್ಕ. ಒಂದೇ ಸಲ ಎಂಬ ಅನುಕೂಲವಿದೆ, ಆದರೆ 2018ರ ಹೋಲಿಕೆ ಅಧ್ಯಯನವೊಂದರಲ್ಲಿ 28ನೇ ದಿನಕ್ಕೆ ಪೂರ್ತಿ ಗುಣವಾದವರು 5 ದಿನದ ನೈಟ್ರೊಫ್ಯುರಾಂಟೊಯಿನ್‌ನಲ್ಲಿ 70%, ಇದರಲ್ಲಿ 58%. ಇ. ಕೋಲಿ ಬದಲು ಕ್ಲೆಬ್ಸಿಯೆಲ್ಲಾ ಬಂದಿದ್ದರೆ ಇದು ನಂಬಿಕೆಗೆ ಯೋಗ್ಯವಲ್ಲ, ಫಾಸ್ಫೊಮೈಸಿನ್ ಕೆಡಿಸುವ ಜೀನು ಅದರಲ್ಲಿ ಹುಟ್ಟಿನಿಂದಲೇ ಇರುತ್ತದೆ. ಪ್ರೋಟಿಯಸ್ ಬಂದಿದ್ದರೆ ನೈಟ್ರೊಫ್ಯುರಾಂಟೊಯಿನ್ ನಡೆಯದು. ಈ ಪ್ರೋಟಿಯಸ್ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿ ಮೂತ್ರವನ್ನು ಕ್ಷಾರೀಯವಾಗಿಸಿ ಕಿಡ್ನಿಯಲ್ಲಿ ಕಲ್ಲು ಕಟ್ಟಿಸುತ್ತದೆ. ಅದು ಮತ್ತೆಮತ್ತೆ ಬರುತ್ತಿದ್ದರೆ ಸ್ಕ್ಯಾನ್ ಮಾಡಿಸದೆ ಬಿಡಬಾರದು.

ಫಾರೊಪೆನೆಮ್ ಎಂಬ ಮಾತ್ರೆಯನ್ನು ಯಾರಾದರೂ ಸೂಚಿಸಿದರೆ ‘ಮೇಲಿನೆರಡು ಯಾಕೆ ಬೇಡ’ ಎಂದು ಕೇಳಿ. ಅದು ಮೆರೊಪೆನೆಮ್‌ನ ಹತ್ತಿರದ ನೆಂಟ. ಸಣ್ಣ ಸೋಂಕಿಗೆ ಅದನ್ನು ಬಳಸಿ ಬಳಸಿ ಕೊನೆಗೆ ಪ್ರಾಣ ಉಳಿಸಬೇಕಾದ ಮೆರೊಪೆನೆಮ್‌ಗೇ ಬಗ್ಗದ ತಳಿಗಳು ಬೆಳೆಯಬಹುದೆಂಬ ಆತಂಕವಿದೆ. ಜ್ವರವಿಲ್ಲದ ಉರಿಮೂತ್ರಕ್ಕೆ ಮೆರೊಪೆನೆಮ್ ಹಾಕಿಸಿಕೊಳ್ಳುವುದೂ ಅದೇ ತಪ್ಪು.

ಇನ್ನು ಸ್ಯಾಂಪಲ್ ವಿಚಾರ. ಕೆಟ್ಟ ಸ್ಯಾಂಪಲ್ಲಿನಿಂದ ಕೆಟ್ಟ ರಿಪೋರ್ಟೇ ಬರುವುದು. ಬರೀ ನೀರಿನಿಂದ ಮುಂದಿನಿಂದ ಹಿಂದಕ್ಕೆ ತೊಳೆದು, ಯೋನಿಯ ತುಟಿಗಳನ್ನು ಬೆರಳಿನಿಂದ ಬಿಡಿಸಿ ಹಿಡಿದು, ಮೊದಲ ಸ್ವಲ್ಪ ಮೂತ್ರ ಹೊರಗೆ ಬಿಟ್ಟು, ನಡುವಿನದ್ದು 10ರಿಂದ 20 ಮಿ.ಲೀ. ನೇರ ಲ್ಯಾಬಿನ ಬಾಟಲಿಗೇ ಹಿಡಿಯಬೇಕು. ಸ್ಟೀಲ್ ಲೋಟದಲ್ಲಿ ಹಿಡಿದು ಸುರಿಯಬಾರದು, ಮುಚ್ಚಳದ ಒಳಭಾಗ ಮುಟ್ಟಬಾರದು. ಆ್ಯಂಟಿಬಯಾಟಿಕ್ ಮೊದಲ ಡೋಸ್ ನುಂಗುವ ಮುಂಚೆಯೇ ಇದಾಗಬೇಕು. ಎರಡು ಗಂಟೆಯೊಳಗೆ ಲ್ಯಾಬಿಗೆ ತಲುಪದಿದ್ದರೆ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಲ್ಲ. ಹೀಗಿಟ್ಟರೂ 24 ಗಂಟೆ ಮೀರುವಂತಿಲ್ಲ. ಅನುಕೂಲವಾದ ವಾತಾವರಣದಲ್ಲಿ ಇ. ಕೋಲಿ ಸುಮಾರು 20 ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತದೆ. ಮಿ.ಲೀ.ಗೆ 1,000 ಇದ್ದದ್ದು ಬೆಚ್ಚಗೆ ಕೂತರೆ ಎರಡೂವರೆ ಗಂಟೆಯೊಳಗೆ ಲಕ್ಷ ದಾಟಬಹುದು. ಬೆಳಿಗ್ಗೆ ಕೊಟ್ಟ ಬಾಟಲಿ ಕಲೆಕ್ಷನ್ ಸೆಂಟರಿನ ಮೇಜಿನ ಮೇಲೆ ಮಧ್ಯಾಹ್ನದವರೆಗೆ ಕೂತರೆ ‘ಒಂದು ಲಕ್ಷಕ್ಕಿಂತ ಹೆಚ್ಚು’ ಎಂಬುದಕ್ಕೆ ಬೆಲೆಯಿಲ್ಲ. ಮೂರು ಬಗೆಯ ಬ್ಯಾಕ್ಟೀರಿಯಾ ಬೆಳೆದಿವೆ ಎಂದು ಬಂದರೆ ಬಹುತೇಕ ಚರ್ಮದಿಂದ ಸೇರಿದ್ದು. ಮತ್ತೆ ಸ್ಯಾಂಪಲ್ ಕೊಡಬೇಕು, ಚಿಕಿತ್ಸೆ ಅಲ್ಲ.

ಮಾತ್ರೆ ಮುಗಿದು ಉರಿ ಹೋದ ಮೇಲೆ ‘ಕ್ಲಿಯರ್ ಆಯಿತಾ ನೋಡೋಣ’ ಎಂದು ಮತ್ತೆ ಕಲ್ಚರ್ ಮಾಡಿಸಬೇಡಿ. ಈ ವಯಸ್ಸಿನ, ಅದರಲ್ಲೂ ಶುಗರ್ ಇರುವ ಹೆಂಗಸರ ಮೂತ್ರದಲ್ಲಿ ತೊಂದರೆ ಕೊಡದ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಲಕ್ಷಣವಿಲ್ಲದಾಗ ಅದಕ್ಕೆ ಆ್ಯಂಟಿಬಯಾಟಿಕ್ ಕೊಟ್ಟರೆ ಲಾಭವಿಲ್ಲ ಎಂಬುದನ್ನು ಶುಗರ್ ಇರುವ ಹೆಂಗಸರ ಮೇಲಿನ ಅಧ್ಯಯನವೇ 2002ರಲ್ಲಿ ತೋರಿಸಿದೆ. ಗರ್ಭಿಣಿಯರು ಮತ್ತು ಮೂತ್ರಮಾರ್ಗದ ಶಸ್ತ್ರಚಿಕಿತ್ಸೆಗೆ ಹೋಗುವವರು ಇದಕ್ಕೆ ಮುಖ್ಯ ಹೊರತು. ಎಬಿಯು 83972 ಎಂಬ ಇ. ಕೋಲಿ ತಳಿಯದ್ದು ಇಲ್ಲಿ ಒಳ್ಳೆಯ ಉದಾಹರಣೆ: ಸ್ವೀಡನ್ನಿನ ಹುಡುಗಿಯೊಬ್ಬಳ ಮೂತ್ರಕೋಶದಲ್ಲಿ ಅದು ಮೂರು ವರ್ಷ ಯಾವ ತೊಂದರೆಯನ್ನೂ ಕೊಡದೆ ಇತ್ತು. ಅದರ ಜೀನುಗಳನ್ನು ನೋಡಿದರೆ ಅದರ ಪೂರ್ವಜ ಉಗ್ರ ತಳಿಯೇ. ಪಿಲಿ ಕಟ್ಟುವ ಜೀನುಗಳು ಕೆಟ್ಟು ಅಂಟುವ ಶಕ್ತಿ ಹೋಗಿತ್ತು. ಉಗ್ರ ತಳಿಗಳಿಗೆ ಜಾಗ ಸಿಗದಿರಲೆಂದು ಈ ತಳಿಯನ್ನು ಬೇಕೆಂದೇ ರೋಗಿಗಳ ಮೂತ್ರಕೋಶಕ್ಕೆ ಬಿಟ್ಟು ನೋಡಿದ ಪ್ರಯೋಗಗಳೂ ನಡೆದಿವೆ.

ಪದೇಪದೇ ಬರುವುದಕ್ಕೆ ಬ್ಯಾಕ್ಟೀರಿಯಾಕ್ಕಿಂತ ಹೆಚ್ಚಾಗಿ ಇಲ್ಲಿ ವಯಸ್ಸು ಮತ್ತು ಶುಗರನ್ನೇ ಅನುಮಾನಿಸಬೇಕು. ಮುಟ್ಟು ನಿಂತ ಮೇಲೆ ಈಸ್ಟ್ರೊಜನ್ ಇಳಿದು ಯೋನಿಯಲ್ಲಿನ ಲ್ಯಾಕ್ಟೊಬ್ಯಾಸಿಲಸ್ ಕಡಿಮೆಯಾಗುತ್ತದೆ, ಆ ಜಾಗಕ್ಕೆ ಇ. ಕೋಲಿ ಬರುತ್ತದೆ. ಯೋನಿಗೆ ಹಚ್ಚುವ ಈಸ್ಟ್ರೊಜನ್ ಕ್ರೀಮ್ ಇದನ್ನು ಹಿಂದಿರುಗಿಸುತ್ತದೆ. 1993ರ ಅಧ್ಯಯನದಲ್ಲಿ ಕ್ರೀಮ್ ಹಚ್ಚಿದವರಿಗೆ ವರ್ಷಕ್ಕೆ ಸರಾಸರಿ 0.5 ಸಲ ಸೋಂಕು ಬಂದರೆ, ಔಷಧವಿಲ್ಲದ ಕ್ರೀಮ್ ಹಚ್ಚಿದವರಿಗೆ 5.9 ಸಲ. ಇಷ್ಟು ಫಲ ಕೊಟ್ಟರೂ ಸಂಕೋಚಕ್ಕೆ ಇದನ್ನು ಯಾರೂ ಕೇಳುವುದಿಲ್ಲ, ಎಷ್ಟೋ ವೈದ್ಯರು ಹೇಳುವುದೂ ಇಲ್ಲ. ಸ್ತನ ಕ್ಯಾನ್ಸರ್ ಆಗಿದ್ದವರು ಮಾತ್ರ ಮೊದಲು ತಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳಬೇಕು. ಇದಲ್ಲದೆ ಮೂತ್ರಕ್ಕೆ ಹೋಗಿ ಬಂದ ತಕ್ಷಣ ಸ್ಕ್ಯಾನ್ ಮಾಡಿಸಿ ಎಷ್ಟು ಮೂತ್ರ ಒಳಗೇ ಉಳಿಯುತ್ತಿದೆ ಎಂದು ನೋಡಿಸಿ. ಹಳೆಯ ಶುಗರಿನಿಂದ ನರ ದುರ್ಬಲವಾಗಿ ಮೂತ್ರಕೋಶ ಪೂರ್ತಿ ಖಾಲಿಯಾಗದಿದ್ದರೆ ಯಾವ ಔಷಧವೂ ಹೆಚ್ಚು ದಿನ ಕಾಯದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಶುಗರ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಅವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ, ಜನನಾಂಗದಲ್ಲಿ ಫಂಗಸ್ ಬೆಳೆದು ಉರಿ ತರುವುದುಂಟು, ಆ ಉರಿಗೆ ಆ್ಯಂಟಿಬಯಾಟಿಕ್ ಕೊಟ್ಟರೆ ಫಂಗಸ್ ಇನ್ನೂ ಹೆಚ್ಚುತ್ತದೆ.

ನೀರಿನ ಮಾತು ಹಳೆಯದೇ, ಆದರೆ ಆಧಾರವಿದೆ: ಕಡಿಮೆ ನೀರು ಕುಡಿಯುವ, ಪದೇಪದೇ ಸೋಂಕು ಬರುವ, ಮುಟ್ಟು ನಿಲ್ಲದ 140 ಹೆಂಗಸರಲ್ಲಿ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ಕುಡಿದವರಿಗೆ ವರ್ಷಕ್ಕೆ 1.7 ಸಲ, ಉಳಿದವರಿಗೆ 3.2 ಸಲ ಸೋಂಕು ಬಂತು. ಬಾರ್ಲಿ ನೀರು, ಉಪ್ಪು ಕಮ್ಮಿ ಹಾಕಿದ ನೀರುಮಜ್ಜಿಗೆ ಆ ಲೆಕ್ಕದಲ್ಲೇ ಬರುತ್ತವೆ, ಬೇರೆ ಮಹಿಮೆ ಇಲ್ಲ. ಹೃದಯ ಅಥವಾ ಕಿಡ್ನಿ ತೊಂದರೆಗೆ ನೀರು ಮಿತಿ ಹೇಳಿದ್ದರೆ ಇದು ಅನ್ವಯಿಸದು. ಫಿಮ್‌ಎಚ್ ಮ್ಯಾನೋಸನ್ನು ಹಿಡಿಯುವುದರಿಂದ ಡಿ-ಮ್ಯಾನೋಸ್ ಪುಡಿ ಕುಡಿದರೆ ಬ್ಯಾಕ್ಟೀರಿಯಾ ಅದಕ್ಕೇ ಸಿಕ್ಕಿಬೀಳುತ್ತದೆ ಎಂಬ ತರ್ಕ ಕೇಳಲು ಚೆನ್ನಾಗಿದೆ; 2024ರಲ್ಲಿ ಪ್ರಕಟವಾದ, 598 ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ಅದರಿಂದ ಉಪಯೋಗ ಕಾಣಲಿಲ್ಲ. ಮೆಥೆನಮೀನ್ ಹಿಪ್ಯುರೇಟ್ 1 ಗ್ರಾಂ ದಿನಕ್ಕೆರಡು ಸಲ ಕೊಡುವುದು ಮಾತ್ರ ದಿನವೂ ನುಂಗುವ ಆ್ಯಂಟಿಬಯಾಟಿಕ್‌ಗೆ ಸರಿಸಾಟಿ ಎಂದು 2022ರಲ್ಲಿ ತಿಳಿದಿದೆ. ಅದು ಮೂತ್ರದಲ್ಲಿ ಫಾರ್ಮಾಲ್ಡಿಹೈಡ್ ಬಿಡುಗಡೆ ಮಾಡಿ ಕೊಲ್ಲುತ್ತದೆ, ಇಎಸ್‌ಬಿಎಲ್ ಇದ್ದರೂ ಇಲ್ಲದಿದ್ದರೂ ಅದಕ್ಕೆ ಒಂದೇ.

ವೈದ್ಯರ ಬಳಿ ಹೋಗುವಾಗ ಈ ರಿಪೋರ್ಟಿನ ಜೊತೆ ಹಿಂದಿನ ಎರಡು ಸಲ ಕೊಟ್ಟ ಮಾತ್ರೆಗಳ ಹೆಸರು, ಎಷ್ಟು ದಿನ ಕೊಟ್ಟಿರಿ, ಇತ್ತೀಚಿನ ಕ್ರಿಯಾಟಿನಿನ್, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) ಒಯ್ಯಿರಿ. ನಡುವೆ 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ನಡುಕ, ಪಕ್ಕೆಲುಬಿನ ಕೆಳಗೆ ಒಂದು ಬದಿಯ ನೋವು, ವಾಂತಿ, ಮೂತ್ರ ಕಡಿಮೆಯಾಗುವುದು, ಮಾತು ತೊದಲಿ ಮಂಕಾಗುವುದು ಇವುಗಳಲ್ಲಿ ಯಾವುದು ಕಂಡರೂ ಮಾತ್ರೆಯ ಮೇಲೆ ಕಾಯದೆ ಆಸ್ಪತ್ರೆಗೆ ಹೋಗಿ, ಹೋದ ಕೂಡಲೇ ಇಎಸ್‌ಬಿಎಲ್ ರಿಪೋರ್ಟ್ ತೋರಿಸಿ. ಆಗ ಎರ್ಟಾಪೆನೆಮ್, ಮೆರೊಪೆನೆಮ್, ಕಿಡ್ನಿ ಚೆನ್ನಾಗಿದ್ದರೆ ಅಮಿಕಾಸಿನ್, ಇವುಗಳ ಸರದಿ. ಮೊದಲ ಇಂಜೆಕ್ಷನ್‌ಗೆ ಮುಂಚೆ ರಕ್ತದ ಕಲ್ಚರ್ ತೆಗೆಯಲು ಹೇಳಿ. ಸರಿಯಾದ ಔಷಧ ಶುರುವಾಗಿ 48ರಿಂದ 72 ಗಂಟೆಯಾದರೂ ಜ್ವರ ಇಳಿಯದಿದ್ದರೆ ಸಿಟಿ ಸ್ಕ್ಯಾನ್ ಬೇಕು: ಶುಗರ್ ಇರುವವರಲ್ಲಿ ಕಿಡ್ನಿಯೊಳಗೆ ಕೀವು ಕಟ್ಟುವುದು, ಅಪರೂಪಕ್ಕೆ ಗಾಳಿ ತುಂಬಿಕೊಳ್ಳುವುದು ಇದೆ. ಅದಕ್ಕೆ ಔಷಧದ ಜೊತೆ ನಳಿಕೆ ಹಾಕಿ ಹೊರತೆಗೆಯಬೇಕಾಗುತ್ತದೆ.